ಕಾರ್ ಫ್ರಿಜ್ 4 ಡಿಗ್ರಿಗೆ ಇಟ್ಟರೂ ಹಾಲು ಯಾಕೆ ಒಡೆಯುತ್ತದೆ? ಎಷ್ಟಕ್ಕೆ ಇಡಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೋಲಾರದಿಂದ ಶ್ರೀನಿವಾಸಪುರದ ಹತ್ತಿರದ ಮಾವಿನ ತೋಪಿಗೆ ಮಕ್ಕಳ ಜೊತೆ ಹೋಗಿ ಎರಡು ದಿನ ಟೆಂಟ್ ಹಾಕುತ್ತೀರಿ. 35 ಲೀಟರ್‌ನ ಕಂಪ್ರೆಸರ್ ಫ್ರಿಜ್ ಡಿಕ್ಕಿಯಲ್ಲಿರುತ್ತದೆ. ಕಳೆದ ಸಲ 4 ಡಿಗ್ರಿಗೆ ಇಟ್ಟಿದ್ದಿರಿ. ಆದರೂ ಮಾರನೇ ದಿನ ಕಾಯಿಸಲು ಇಟ್ಟ ಹಾಲು ಒಡೆಯಿತು. ಅದೇ ಫ್ರಿಜ್ಜಿನ ತಳದಲ್ಲಿದ್ದ ಸೌತೆಕಾಯಿ, ಕೊತ್ತಂಬರಿ ಐಸ್ ಆಗಿದ್ದವು. ಮೇಲಿಂದ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಈ ಸಲ ನಿಮ್ಮ ಅತ್ತೆಯವರ ಇನ್ಸುಲಿನ್ ಕೂಡ ಅದರಲ್ಲೇ ಹೋಗಬೇಕು.

ಮೊದಲು ನೇರ ಉತ್ತರ. 4ಕ್ಕೇ ಇಡಿ. ನೀವು ಇಟ್ಟ ಅಂಕಿಯಲ್ಲಿ ತಪ್ಪಿಲ್ಲ. ಇನ್ಸುಲಿನ್ ಇದೆ ಅಂತ ಅದನ್ನು 1ಕ್ಕೋ 2ಕ್ಕೋ ಇಳಿಸಬೇಡಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ.

ನನ್ನ ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಮ್ಮದು ಚಿಂತಾಮಣಿ ಕಡೆ ಸ್ವಲ್ಪ ಜಮೀನು. ಬೇಸಿಗೆಯಲ್ಲಿ ಎಲ್ಲರೂ ತೋಟದ ಶೆಡ್ಡಿನಲ್ಲೇ ನಾಲ್ಕು ದಿನ ಉಳಿಯುತ್ತೇವೆ. ಫ್ರಿಜ್ ತಂದ ಮೊದಲ ವರ್ಷ, ಜಾಸ್ತಿ ತಣ್ಣಗಿದ್ದಷ್ಟೂ ಒಳ್ಳೆಯದು ಅಂದುಕೊಂಡು 1 ಡಿಗ್ರಿಗೆ ಇಟ್ಟೆ. ಇನ್ಸುಲಿನ್ ಬಾಟಲನ್ನು ಪಕ್ಕದ ಗೋಡೆಗೆ ಒರಗಿಸಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದರೆ ಒಳಗೆ ಐಸ್ ಕಟ್ಟಿತ್ತು. ಸ್ವಲ್ಪ ಹೊತ್ತಿಗೆ ಕರಗಿ ನೋಡಲು ಮೊದಲಿನ ಹಾಗೇ ಆಯಿತು. ಅಮ್ಮ ಚುಚ್ಚಿಕೊಳ್ಳಲು ಕೈಗೆ ತೆಗೆದುಕೊಂಡೂ ಆಗಿತ್ತು. ನನಗೇಕೋ ಅನುಮಾನ ಬಂದು ಔಷಧಿ ಅಂಗಡಿಗೆ ಫೋನ್ ಮಾಡಿದೆ. ‘ಒಂದು ಸಲ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದರೂ ಬಳಸಬೇಡಿ, ಎಸೆದುಬಿಡಿ’ ಅಂದರು. ಆ ಬಾಟಲ್ ಹಿಡಿದು ನಿಂತ ಅಮ್ಮನ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ಅಲ್ಲಿಂದ ಊರಿಗೆ ಬಂದು ಹೊಸದು ತರುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು.

ಇನ್ನೂ ಬಳಸಲು ತೆರೆಯದ ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿ ಒಳಗೆ. ಡಬ್ಬಿಯ ಮೇಲೇ ಬರೆದಿರುತ್ತದೆ. ಹಾಲು, ಮೊಸರು, ಕೋಳಿಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬೇಕು. ಎರಡಕ್ಕೂ ಹೊಂದುವ ಜಾಗ 4. ಅದಕ್ಕೇ ಆ ಅಂಕಿ.

ಈಗ ನಿಮ್ಮ ಒಗಟಿಗೆ ಬರೋಣ. ಒಂದೇ ಫ್ರಿಜ್‌ನಲ್ಲಿ ಹಾಲು ಕೆಟ್ಟಿತು, ಸೊಪ್ಪು ಐಸ್ ಆಯಿತು. ಎರಡೂ ಹೇಗೆ? ಪ್ಯಾನೆಲ್ ತೋರಿಸುವ 4 ಎನ್ನುವುದು ಹಾಲಿನ ಬಿಸಿ ಅಲ್ಲ. ಒಳಗಿನ ಸೆನ್ಸರ್ ಇರುವ ಜಾಗದ ಬಿಸಿ ಅಷ್ಟೆ. ಈ ತರಹದ ಫ್ರಿಜ್‌ಗಳಲ್ಲಿ ತಂಪು ಹುಟ್ಟುವುದು ಗೋಡೆಯಲ್ಲಿ. ಗೋಡೆಯೊಳಗೆ ಪೈಪು ಸುತ್ತಿರುತ್ತದೆ. ಕಂಪ್ರೆಸರ್ ಓಡುವಾಗ ಆ ಗೋಡೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ತಣ್ಣನೆ ಗಾಳಿ ಭಾರ, ಅದು ತಳಕ್ಕೆ ಇಳಿದು ಕೂರುತ್ತದೆ. ಹಾಗಾಗಿ ತಳದಲ್ಲಿ ಗೋಡೆಗೆ ತಾಗಿದ್ದ ಸೌತೆಕಾಯಿ ಐಸ್ ಆಯಿತು. ಮೇಲುಗಡೆ ಮುಚ್ಚಳದ ಹತ್ತಿರ, ಅಂಗಡಿಯಿಂದ ತಂದು ಹಾಗೇ ಇಟ್ಟ ಹಾಲಿನ ಪ್ಯಾಕೆಟ್ ಬೆಚ್ಚಗೇ ಉಳಿಯಿತು. ಮಕ್ಕಳು ತಣ್ಣೀರಿಗೆ ಮುಚ್ಚಳ ತೆಗೆದಾಗಲೆಲ್ಲ ಇನ್ನಷ್ಟು ಬೆಚ್ಚಗಾಯಿತು.

ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತನ್ನಿ, ತಂತಿಯ ತುದಿಯಲ್ಲಿ ಸೆನ್ಸರ್ ಇರುವಂಥದ್ದು. ಆ ತುದಿಯನ್ನು ಅರ್ಧ ಲೀಟರ್ ನೀರಿನ ಬಾಟಲಿಯೊಳಗೆ ಇಳಿಸಿ, ಬಾಟಲನ್ನು ಫ್ರಿಜ್ಜಿನ ನಡುವೆ ಇಡಿ. ಗಾಳಿಯ ಬಿಸಿ ಮುಚ್ಚಳ ತೆಗೆದಾಗೆಲ್ಲ ಕುಣಿಯುತ್ತದೆ. ನೀರಿನದು ಕುಣಿಯುವುದಿಲ್ಲ. ಹಾಲು ಎಷ್ಟು ತಣ್ಣಗಿದೆ ಎಂದು ಆ ನೀರು ಹೇಳುತ್ತದೆ. ನಮ್ಮ ಫ್ರಿಜ್‌ನಲ್ಲಿ ಪ್ಯಾನೆಲ್ 4 ಅಂದಾಗ ನಡುವಿನ ನೀರು 6 ಇರುತ್ತಿತ್ತು. ಹಾಗಾಗಿ ನಾನು ಪ್ಯಾನೆಲ್‌ನಲ್ಲಿ 3 ಇಡುತ್ತೇನೆ. ನಿಮ್ಮದರಲ್ಲಿ ಬೇರೆ ಇರಬಹುದು, ಮನೆಯಲ್ಲೇ ಒಂದು ದಿನ ಓಡಿಸಿ ನೋಡಿಕೊಳ್ಳಿ. ಅಂಕಿ ಒಂದೆರಡು ಡಿಗ್ರಿ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಕಂಪ್ರೆಸರ್ ಒಂದು ಹಂತಕ್ಕೆ ಇಳಿಸಿ ನಿಲ್ಲುತ್ತದೆ, ಸ್ವಲ್ಪ ಏರಿದ ಮೇಲೆ ಮತ್ತೆ ಶುರುವಾಗುತ್ತದೆ. ಹಾಗೆಯೇ ಪ್ಯಾನೆಲ್ ಇದ್ದಕ್ಕಿದ್ದಂತೆ 39 ಎಂದು ತೋರಿಸಿದರೆ ಅದು ಫ್ಯಾರನ್‌ಹೀಟ್. 39 ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ಯಾರೋ ಬಟನ್ ಒತ್ತಿಬಿಟ್ಟಿರುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಫ್ರಿಜ್‌ನ ಕೆಲಸ ತಣ್ಣಗಿರುವುದನ್ನು ತಣ್ಣಗೇ ಇಡುವುದು. ಬಿಸಿ ಇರುವುದನ್ನು ತಣ್ಣಗೆ ಮಾಡುವುದು ಅದಕ್ಕೆ ಬಹಳ ಕಷ್ಟ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 4.2 ಕಿಲೋಜೂಲ್ ಶಾಖ ಹೊರಗೆ ಹಾಕಬೇಕು. ನೀವು 32 ಡಿಗ್ರಿಯ ನೀರು, ಹಾಲು ಎಲ್ಲ ಸೇರಿ 10 ಲೀಟರ್ ತುಂಬಿದಿರಿ ಅಂದುಕೊಳ್ಳಿ. ಅದನ್ನು 4ಕ್ಕೆ ತರಲು ಸುಮಾರು 1,176 ಕಿಲೋಜೂಲ್ ಬೇಕು. ಇಷ್ಟು ಚಿಕ್ಕ ಕಂಪ್ರೆಸರ್ 60 ವ್ಯಾಟ್‌ನಷ್ಟು ಶಾಖ ಎಳೆಯುತ್ತದೆ ಎಂದರೆ ಗಂಟೆಗೆ 216 ಕಿಲೋಜೂಲ್. ಅಂದರೆ ಒಂದು ನಿಮಿಷವೂ ನಿಲ್ಲದೆ ಓಡಿದರೂ ಐದು ಗಂಟೆಗೂ ಜಾಸ್ತಿ. ಅದೂ ಮುಚ್ಚಳ ತೆಗೆಯದೆ ಇದ್ದರೆ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಒಂದು ಗಂಟೆಯ ದಾರಿಯೂ ಇಲ್ಲ ಅಲ್ವಾ? ಕಾರು ಓಡುವ ಹೊತ್ತಿನಲ್ಲಿ ಅದು ತಣ್ಣಗಾಗುವ ಮಾತೇ ಇಲ್ಲ.

ಹಾಗಾಗಿ ಹೊರಡುವ ಹಿಂದಿನ ದಿನ ಸಂಜೆಯೇ ಕೆಲಸ ಶುರು ಮಾಡಿ. ಕಾರ್ ಫ್ರಿಜ್ಜನ್ನು ಮನೆಯ ಕರೆಂಟಿಗೆ ಹಾಕಿ ಖಾಲಿ ಓಡಿಸಿ. ಗೋಡೆ, ಮುಚ್ಚಳ ಎಲ್ಲ ತಣ್ಣಗಾಗಲಿ. ಹಾಲು, ಮೊಸರು, ಕುಡಿಯುವ ನೀರನ್ನು ಮನೆಯ ದೊಡ್ಡ ಫ್ರಿಜ್‌ನಲ್ಲಿ ರಾತ್ರಿಯೆಲ್ಲ ಇಡಿ. ಬೆಳಿಗ್ಗೆ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಬದಲಿಸಿ. ಮನೆಯ ಫ್ರೀಜರ್‌ನಲ್ಲಿ ಒಂದು ಲೀಟರ್‌ನ ಎರಡು ಬಾಟಲ್ ನೀರು ಐಸ್ ಮಾಡಿ. ಪೂರ್ತಿ ತುಂಬಬೇಡಿ, ಐಸ್ ಆದಾಗ ನೀರು ಹಿಗ್ಗಿ ಬಾಟಲ್ ಸೀಳುತ್ತದೆ. ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ. ಅಂದರೆ ಒಂದು ಬಾಟಲ್ ಐಸ್ ನಿಮ್ಮ ಕಂಪ್ರೆಸರ್‌ನ ಒಂದೂವರೆ ಗಂಟೆಯ ಕೆಲಸ ಮಾಡಿಕೊಡುತ್ತದೆ, ಬ್ಯಾಟರಿ ಮುಟ್ಟದೆ. ಕರಗಿದ ಮೇಲೆ ಕುಡಿಯಲೂ ಆಯಿತು. ಸಾರು, ಪಲ್ಯ ಒಯ್ಯುವುದಾದರೆ ಒಲೆಯಿಂದ ಇಳಿಸಿ ಬಿಸಿ ಬಿಸಿ ಇಡಬೇಡಿ. ಅಗಲವಾದ ಪಾತ್ರೆಗೆ ಸುರಿದು ಆರಿಸಿ, ಎರಡು ಗಂಟೆಯೊಳಗೆ ಮನೆಯ ಫ್ರಿಜ್‌ಗೆ ಹೋಗಲಿ.

ಜೋಡಿಸುವಾಗ ತಳದಲ್ಲಿ ಕೋಳಿ, ಬಿಗಿಯಾದ ಡಬ್ಬದಲ್ಲಿ, ನೀರು ಸೋರದ ಹಾಗೆ. ಅದರ ಪಕ್ಕ ಐಸ್ ಬಾಟಲ್. ಮೇಲೆ ಹಾಲು, ಮೊಸರು. ಸೊಪ್ಪು, ಸೌತೆಕಾಯಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಡಿ. ನಿಮ್ಮ ಫ್ರಿಜ್ಜಿನ ಒಂದು ತುದಿಯಲ್ಲಿ ಮೆಟ್ಟಿಲಿನ ಹಾಗೆ ಎತ್ತರದ ಜಾಗ ಇರಬೇಕು, ಅದರ ಕೆಳಗೆ ಕಂಪ್ರೆಸರ್ ಇರುತ್ತದೆ. ಅಲ್ಲಿ ತಂಪು ಸ್ವಲ್ಪ ಕಡಿಮೆ. ಇನ್ಸುಲಿನ್ನಿಗೆ ಅದೇ ಒಳ್ಳೆಯ ಜಾಗ. ಊಟದ ಡಬ್ಬಿಯಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸುತ್ತ ಒಂದು ಕೈವಸ್ತ್ರ ಹಾಕಿ ಇಡಿ. ಗೋಡೆಗೂ ತಾಗಬಾರದು, ಐಸ್ ಬಾಟಲಿಗೂ ತಾಗಬಾರದು. ಈಗ ನಾನು ಥರ್ಮಾಮೀಟರಿನ ತುದಿಯನ್ನು ಆ ಡಬ್ಬಿಯ ಪಕ್ಕದ ನೀರಿನಲ್ಲೇ ಇಡುತ್ತೇನೆ. ಹಾಲು ಕೆಟ್ಟರೆ ಇನ್ನೊಂದು ಪ್ಯಾಕೆಟ್ ತರಬಹುದು.

ಅತ್ತೆಯವರು ಈಗಾಗಲೇ ಬಳಸಲು ಶುರು ಮಾಡಿರುವ ಇನ್ಸುಲಿನ್ ಹೊರಗೂ ಕೆಲವು ವಾರ ಇರುತ್ತದೆ. ಎಷ್ಟು ದಿನ, ಎಷ್ಟು ಬಿಸಿಯವರೆಗೆ ಎನ್ನುವುದು ಒಂದೊಂದಕ್ಕೆ ಒಂದೊಂದು ತರಹ, ಡಬ್ಬಿ ಓದಿ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಟೆಂಟಿನೊಳಗಿನ ಬಿಸಿಗೆ ಯಾವುದೂ ತಡೆಯುವುದಿಲ್ಲ. ಜೊತೆಗೆ ಒಂದು ಚಿಕ್ಕ ಮಣ್ಣಿನ ಮಡಕೆ ಒಯ್ಯಿರಿ. ಫ್ರಿಜ್ ಕೈ ಕೊಟ್ಟರೆ ಹೊರಮೈ ಒದ್ದೆ ಮಾಡಿ, ನೆರಳಿನಲ್ಲಿ ಗಾಳಿಗೆ ಇಟ್ಟು, ಒಳಗೆ ಮುಚ್ಚಿದ ಡಬ್ಬಿಯಲ್ಲಿ ಇನ್ಸುಲಿನ್ ಇಡಿ. ಫ್ರಿಜ್ಜಿನ ತಂಪು ಬರುವುದಿಲ್ಲ, ಬಿಸಿಲಿನ ಪೆಟ್ಟು ತಪ್ಪುತ್ತದೆ. ಅಮ್ಮನಿಗಾಗಿ ನಾನು ಇವತ್ತಿಗೂ ಒಯ್ಯುತ್ತೇನೆ.

ಕಾರು ಸ್ಟಾರ್ಟ್ ಆಗದ ವಿಷಯ. ಚಿಕ್ಕ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35ರಿಂದ 45 ಆಂಪಿಯರ್ ಅವರ್. ಕಂಪ್ರೆಸರ್ ಓಡುವಾಗ ಈ ಫ್ರಿಜ್ 4ರಿಂದ 5 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ನಾಲ್ಕು ಗಂಟೆ ಓಡಿತು ಅಂದರೂ 16ರಿಂದ 20 ಆಂಪಿಯರ್ ಅವರ್ ಹೋಯಿತು, ಹೆಚ್ಚುಕಡಿಮೆ ಅರ್ಧ ಬ್ಯಾಟರಿ. ಹಳೇ ಬ್ಯಾಟರಿಯಾದರೆ ಬೆಳಿಗ್ಗೆ ಎಂಜಿನ್ ಏಳುವುದಿಲ್ಲ. ಅದಕ್ಕೇ ಪ್ಯಾನೆಲ್‌ನಲ್ಲಿ ಬ್ಯಾಟರಿ ಕಾಪಾಡುವ ಸೆಟ್ಟಿಂಗ್ ಇರುತ್ತದೆ: ಹೈ, ಮೀಡಿಯಂ, ಲೋ. ಕಾರಿನ ಬ್ಯಾಟರಿಗೆ ಹಾಕಿದಾಗ ಯಾವಾಗಲೂ ಹೈ ಇರಲಿ. ಹೈ ಅಂದರೆ ಜಾಸ್ತಿ ತಂಪು ಅಂತ ಅಲ್ಲ. ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಇಳಿದ ಕೂಡಲೇ ಫ್ರಿಜ್ ತಾನೇ ಆಫ್ ಆಗುತ್ತದೆ, ಕಾರಿಗೆ ಉಳಿಯುತ್ತದೆ. ಬಹಳ ಜನ ಇದನ್ನು ಉಲ್ಟಾ ಅರ್ಥ ಮಾಡಿಕೊಂಡು ಲೋ ಇಟ್ಟಿರುತ್ತಾರೆ. ನಿಮ್ಮದೂ ಹಾಗೇ ಇತ್ತೇನೋ, ನೋಡಿ.

ಇನ್ನೊಂದು ತೊಂದರೆಯೂ ಉಂಟು. ಬ್ಯಾಟರಿ ತುಂಬಿದ್ದರೂ ಫ್ರಿಜ್ ಪದೇ ಪದೇ ಆಫ್ ಆಗುವುದು. ಹಿಂದಿನ ಸಾಕೆಟ್‌ಗೆ ಬರುವ ವೈರ್ ಸಣ್ಣದಾಗಿದ್ದರೆ, ಕಂಪ್ರೆಸರ್ ಏಳುವ ಹೊತ್ತಿಗೆ ವೋಲ್ಟೇಜ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಬ್ಯಾಟರಿಯೇ ಖಾಲಿ ಆಯಿತು ಅಂತ ಫ್ರಿಜ್ ತಿಳಿದುಕೊಳ್ಳುತ್ತದೆ. ನಾನು ಕಾರಿನ ವೈರಿಂಗ್ ಮಾಡುವವರ ಹತ್ತಿರ ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆಸಿ ಫ್ಯೂಸ್ ಹಾಕಿಸಿಕೊಂಡೆ. ಆಮೇಲೆ ಆ ಕಾಟ ಇಲ್ಲ.

ಆದರೆ ಹೈ ಇಟ್ಟರೆ ಮಧ್ಯರಾತ್ರಿ ಫ್ರಿಜ್ ನಿಲ್ಲಬಹುದು, ಆಗ ಹಾಲು? ಇನ್ಸುಲಿನ್? ಎರಡು ರಾತ್ರಿ ಅಂದರೆ ಬೇರೆಯದೇ ಬ್ಯಾಟರಿ ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. 12 ವೋಲ್ಟಿನ 50 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ ಸುಮಾರು 640 ವ್ಯಾಟ್ ಅವರ್. ಬೇಸಿಗೆಯಲ್ಲಿ ಈ ಅಳತೆಯ ಫ್ರಿಜ್ ದಿನಕ್ಕೆ 300ರಿಂದ 500 ತಿನ್ನುತ್ತದೆ. ಎರಡನೇ ದಿನಕ್ಕೆ 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಇದ್ದರೆ ನೆಮ್ಮದಿ. ಬಿಸಿಲಿಗೆ ನಮ್ಮ ಕಡೆ ಬರ ಇಲ್ಲ. ಪ್ಯಾನೆಲ್ ಬಿಸಿಲಿನಲ್ಲಿರಲಿ, ಫ್ರಿಜ್ ನೆರಳಿನಲ್ಲಿರಲಿ. ಅದನ್ನೆಲ್ಲ ಈಗಲೇ ಕೊಳ್ಳಲು ಆಗದಿದ್ದರೆ ಐಸ್ ಬಾಟಲ್ ನಾಲ್ಕು ಮಾಡಿ, ಮಲಗುವ ಮುಂಚೆ ಬೇಕಾದದ್ದನ್ನೆಲ್ಲ ಒಮ್ಮೆಗೇ ತೆಗೆದುಕೊಂಡು ಬೆಳಗಿನವರೆಗೆ ಮುಚ್ಚಳ ಮುಟ್ಟಬೇಡಿ.

ಡಿಕ್ಕಿಯಲ್ಲಿ ಇಡುವಾಗ ಗಾಳಿ ಆಡುವ ಜಾಲರಿಯ ಕಡೆ ಒಂದು ಗೇಣು ಜಾಗ ಬಿಡಿ. ಹಾಸಿಗೆ, ಚಾಪೆ ಅದಕ್ಕೆ ಒತ್ತಿಕೊಂಡರೆ ಬಿಸಿ ಹೊರಗೆ ಹೋಗುವುದಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುತ್ತದೆ. ತೋಪಿಗೆ ಹೋದ ಕೂಡಲೇ ಫ್ರಿಜ್ಜನ್ನು ಕೆಳಗಿಳಿಸಿ ಮರದ ಬುಡದಲ್ಲಿ, ಸಮತಟ್ಟಾದ ಹಲಗೆಯ ಮೇಲೆ ಇಡಿ. ಮಾವಿನ ಮರದ ನೆರಳಿಗಿಂತ ಒಳ್ಳೆಯ ನೆರಳು ಎಲ್ಲಿದೆ.

ಅಂದ ಹಾಗೆ, ತೋಪಿನಲ್ಲಿ ಕಿತ್ತ ಕಾಯಿಯನ್ನು ಫ್ರಿಜ್‌ಗೆ ತುರುಕಬೇಡಿ. ಬಾದಾಮಿ, ಮಲ್ಲಿಕಾ ಯಾವುದಾದರೂ ಸರಿ, ಹಣ್ಣಾಗುವ ಮುಂಚೆ 12 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಸರಿಯಾಗಿ ಮಾಗುವುದಿಲ್ಲ. ಪೂರ್ತಿ ಹಣ್ಣಾದದ್ದನ್ನು ಕೊಯ್ಯುವ ಮುಂಚೆ ಒಂದೆರಡು ಗಂಟೆ ಇಡಬಹುದು. ಟೊಮೆಟೊ ಕೂಡ ಹೊರಗೇ ಇರಲಿ, ಅದನ್ನು ಕೋಲಾರದವರಿಗೆ ಹೇಳಬೇಕಾಗಿಲ್ಲ. ಇವೆರಡನ್ನು ಹೊರಗಿಟ್ಟರೆ ಅರ್ಧ ಜಾಗ ಉಳಿಯುತ್ತದೆ. ಆ ಖಾಲಿ ಜಾಗದಲ್ಲಿ ತಣ್ಣೀರಿನ ಬಾಟಲ್ ತುಂಬಿ.

ಅವರೆಕಾಯಿ ಕಾಲದಲ್ಲಿ ನಾನು ಇದೇ ಫ್ರಿಜ್ಜನ್ನು ಮೈನಸ್ 18ಕ್ಕೆ ಇಟ್ಟು, ಹಿತಕಿದ ಬೇಳೆಯನ್ನು ಗಟ್ಟಿಯಾಗಿ ಐಸ್ ಮಾಡಿಕೊಂಡು ಅಕ್ಕನ ಊರಿಗೆ ಒಯ್ಯುತ್ತೇನೆ. ಆವತ್ತು ಅದರಲ್ಲಿ ಬೇರೆ ಏನೂ ಇರುವುದಿಲ್ಲ. ಒಂದೇ ಗೂಡಿನ ಫ್ರಿಜ್‌ನಲ್ಲಿ ಫ್ರೀಜರ್ ಕೆಲಸವನ್ನೂ ಹಾಲಿನ ಕೆಲಸವನ್ನೂ ಒಟ್ಟಿಗೆ ಮಾಡಿಸಲು ಆಗುವುದಿಲ್ಲ.

ಈ ಉತ್ತರ ಓದುವ ಬೇರೆಯವರಿಗೆ ಒಂದು ಮಾತು. ಕಂಪ್ರೆಸರ್ ಇಲ್ಲದೆ ಬರೀ ಫ್ಯಾನ್ ಇರುವ ಕಡಿಮೆ ಬೆಲೆಯ ಕೂಲರ್‌ಗಳಿಗೆ ಇದ್ಯಾವುದೂ ಹೊಂದುವುದಿಲ್ಲ. ಅವು ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಇಳಿಸುತ್ತವೆ ಅಷ್ಟೆ. ಹೊರಗೆ 36 ಇದ್ದರೆ ಒಳಗೆ 16. ಹಾಲಿಗೂ ಸಾಲದು, ತೆರೆಯದ ಇನ್ಸುಲಿನ್ನಿಗಂತೂ ಬೇಡವೇ ಬೇಡ.

ವಾಪಸ್ ಬಂದ ಮೇಲೆ ಬೆಚ್ಚಗಿನ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಒಳಗೆ ಒರೆಸಿ, ಒಣಗಿಸಿ. ಎತ್ತಿಡುವಾಗ ಮುಚ್ಚಳದ ಸಂದಿಗೆ ಒಂದು ಮಡಿಸಿದ ಬಟ್ಟೆ ಸಿಕ್ಕಿಸಿ, ಗಾಳಿ ಆಡಲಿ. ಅಡ್ಡ ಮಲಗಿಸಿ ಸಾಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಆನ್ ಮಾಡಿ. ಹೊರಡುವ ಮುಂಚೆ ಮನೆಯಲ್ಲಿ ಓಡಿಸಿ ನೋಡಿದಾಗ ನಡುವಿನ ನೀರು ಎಷ್ಟು ಡಿಗ್ರಿ ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ಪ್ಯಾನೆಲ್‌ನಲ್ಲಿ 4 ಇರಲೋ, 3 ಮಾಡಬೇಕೋ, ಸೇರಿ ನೋಡೋಣ.