ಪಟ್ಟಿ ಬರುವವರೆಗೆ: ಎನ್‌ಡಿಎ ಕರೆಗಾಗಿ ಕಾದಿರುವ ಮನೆಗಳ ಪ್ರಶ್ನೆಗಳು

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ವಿಷಯವನ್ನು ಕುರಿತವು. ಮೂರೂ ಬೆಂಗಳೂರಿನವು, ಪುಣೆಯ ಸಮೀಪ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎಯ, ಕರೆಗಾಗಿ ಕಾದಿರುವ ಮನೆಗಳಿಂದ ಬಂದವು. ಹೀಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗ ದ್ವಿತೀಯ ಪಿಯುಸಿ ಮುಗಿಸಿ, ಏಪ್ರಿಲ್‌ನಲ್ಲಿ ಎನ್‌ಡಿಎ ಪರೀಕ್ಷೆ ಬರೆದ. ಆಗಸ್ಟ್‌ನಲ್ಲಿ ಇಲ್ಲಿಯೇ ನಡೆದ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನದಲ್ಲಿ ರೆಕಮೆಂಡ್ ಆದ, ಅಂದರೆ ಮಂಡಳಿ ಅವನನ್ನು ಶಿಫಾರಸು ಮಾಡಿತು. ವೈದ್ಯಕೀಯ ಪರೀಕ್ಷೆಯೂ ಆಯಿತು. ಅಲ್ಲಿಂದೀಚೆಗೆ ಯಾವ ಸುದ್ದಿಯೂ ಇಲ್ಲ. ಸಿಇಟಿಯಲ್ಲಿ ಸಿಕ್ಕ ಇಂಜಿನಿಯರಿಂಗ್ ಸೀಟಿಗೆ ಸಾಲ ಮಾಡಿ ಶುಲ್ಕ ಕಟ್ಟಿದ್ದೇವೆ, ಆದರೆ ಅವನು ಕಾಲೇಜಿಗೆ ಹೋಗಲು ಒಪ್ಪುತ್ತಿಲ್ಲ. ರಾತ್ರಿಯೆಲ್ಲ ಮೊಬೈಲ್ ಹಿಡಿದು ಫಲಿತಾಂಶ ಹುಡುಕುತ್ತಿರುತ್ತಾನೆ. ನಮ್ಮದು ಚಿಕ್ಕ ದಿನಸಿ ಅಂಗಡಿ, ತಿಂಗಳಿಗೆ ಹದಿನೆಂಟು ಸಾವಿರ ರೂಪಾಯಿ ಕೈಗೆ ಬಂದರೆ ಹೆಚ್ಚು. ಅಕಾಡೆಮಿಗೆ ಲಕ್ಷಗಟ್ಟಲೆ ಕಟ್ಟಬೇಕಾಗುತ್ತದೆ ಎಂದು ಸಂಬಂಧಿಕರೊಬ್ಬರು ಹೆದರಿಸಿದ್ದಾರೆ. ವಿದ್ಯಾರ್ಥಿವೇತನ ಏನಾದರೂ ಸಿಗುತ್ತದೆಯೇ? ಇಷ್ಟು ದಿನ ಸುದ್ದಿ ಬಾರದಿರುವುದು ಕೆಟ್ಟ ಸೂಚನೆಯೇ?
— ಒಬ್ಬ ತಾಯಿ, ಹನುಮಂತನಗರ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಸುದ್ದಿ ಬಾರದಿರುವುದು ಕೆಟ್ಟ ಸೂಚನೆಯಲ್ಲ, ಒಳ್ಳೆಯ ಸೂಚನೆಯೂ ಅಲ್ಲ. ಅದು ಸೂಚನೆಯೇ ಅಲ್ಲ. ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿಗೆ 900 ಅಂಕ. ಎರಡನ್ನೂ ಕೂಡಿಸಿ 1800ಕ್ಕೆ ಲೆಕ್ಕ ಹಾಕಿ ಕೇಂದ್ರ ಲೋಕಸೇವಾ ಆಯೋಗವು ಇಡೀ ದೇಶಕ್ಕೆ ಒಂದೇ ಅರ್ಹತಾ ಪಟ್ಟಿಯನ್ನು ಪ್ರಕಟಿಸುತ್ತದೆ. ಬೆಂಗಳೂರಿನ ಮಂಡಳಿಗಳಷ್ಟೇ ಅಲ್ಲದೆ ಭೋಪಾಲ್, ಪ್ರಯಾಗ್‌ರಾಜ್, ಡೆಹ್ರಾಡೂನ್, ಮೈಸೂರು ಮೊದಲಾದ ಕಡೆಯ ಮಂಡಳಿಗಳೂ ತಮ್ಮ ಕೊನೆಯ ತಂಡದ ಸಂದರ್ಶನವನ್ನು ಮುಗಿಸುವವರೆಗೆ ಆ ಪಟ್ಟಿ ಸಿದ್ಧವಾಗುವಂತಿಲ್ಲ. 2024ರ ಮೊದಲ ಪರೀಕ್ಷೆ ನಡೆದದ್ದು ಏಪ್ರಿಲ್ 21ರಂದು. ಅದರ ಅಂತಿಮ ಫಲಿತಾಂಶ ಬಂದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಆರು ತಿಂಗಳು! ನಿಮ್ಮ ಮಗನದು ಈಗ ಅದೇ ಹಾದಿಯ ಕೊನೆಯ ಭಾಗ. ಪಟ್ಟಿಗೆ ಮೊದಲು ಯಾರೊಬ್ಬರಿಗೂ ಪ್ರತ್ಯೇಕವಾಗಿ ಫಲಿತಾಂಶ ತಿಳಿಸುವ ಕ್ರಮವಿಲ್ಲ. ಆದ್ದರಿಂದ ದೆಹಲಿಯಲ್ಲಿ ತನಗೆ ಪರಿಚಯವಿದೆ, ಹೆಸರು ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ, ಸ್ವಲ್ಪ ಖರ್ಚಾಗುತ್ತದೆ ಎಂದು ಯಾರಾದರೂ ಅಂಗಡಿಗೆ ಬಂದರೆ, ಅವರನ್ನು ಕೂರಿಸಿ ಮಾತನಾಡಿಸುವುದೂ ಬೇಡ.

ಇನ್ನೊಂದು ಮಾತನ್ನು ಈಗಲೇ ಹೇಳಬೇಕು, ಮುಂದೆ ಕೇಳಿದರೆ ನೋವು ಹೆಚ್ಚಾಗುತ್ತದೆ. ರೆಕಮೆಂಡ್ ಆಗುವುದು ಬೇರೆ, ಆಯ್ಕೆಯಾಗುವುದು ಬೇರೆ. ನಾನು ಹೇಳಿದ 2024ರ ಆ ಪರೀಕ್ಷೆಗೆ ಪ್ರಕಟವಾಗಿದ್ದ ಸ್ಥಾನಗಳು 400, ಅಂತಿಮ ಪಟ್ಟಿಯಲ್ಲಿದ್ದ ಹೆಸರುಗಳು 641. ಅಂದರೆ ಪಟ್ಟಿಯಲ್ಲಿ ಹೆಸರು ಬಂದ ಮೇಲೂ, ಎಷ್ಟನೆಯ ಸ್ಥಾನದಲ್ಲಿ ಬಂದಿದೆ ಎಂಬುದು ಮುಖ್ಯವಾಗುತ್ತದೆ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಐದು ದಿನಗಳ ಎಸ್‌ಎಸ್‌ಬಿ ಪರೀಕ್ಷೆಯಲ್ಲಿ ಮೊದಲ ದಿನವೇ ಮನೆಗೆ ಮರಳುವವರು ಬಹಳ ಮಂದಿ. ನಿಮ್ಮ ಮಗ ಕೊನೆಯ ದಿನ ಇಡೀ ಮಂಡಳಿಯ ಮುಂದೆ ನಡೆಯುವ ಕಾನ್ಫರೆನ್ಸ್ ದಾಟಿ, ರೆಕಮೆಂಡ್ ಆದವರ ಸಾಲಿನಲ್ಲಿ ತನ್ನ ಚೆಸ್ಟ್ ನಂಬರ್ (ಎದೆಯ ಮೇಲೆ ಧರಿಸುವ ಸಂಖ್ಯೆ) ಕರೆಯುವುದನ್ನು ಕೇಳಿ ಬಂದಿದ್ದಾನೆ. ಪಟ್ಟಿ ಏನೇ ಹೇಳಲಿ, ಆ ಸಾಧನೆ ಅವನದಾಗಿಯೇ ಉಳಿಯುತ್ತದೆ.

ಈಗ ಹಣದ ವಿಷಯ. ಲಕ್ಷಗಟ್ಟಲೆ ಎಂಬ ಮಾತು ಸುಳ್ಳು. ಅಕಾಡೆಮಿಯಲ್ಲಿ ಮೂರು ವರ್ಷಗಳ ತರಬೇತಿ, ವಸತಿ, ಊಟ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲದರ ವೆಚ್ಚವನ್ನೂ ಸರ್ಕಾರವೇ ಭರಿಸುತ್ತದೆ. ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಪದವಿಯೂ ಅದರೊಂದಿಗೇ ದೊರೆಯುತ್ತದೆ. ಹೆತ್ತವರು ನೋಡಿಕೊಳ್ಳಬೇಕಾದದ್ದು ಕೈಖರ್ಚು ಮತ್ತು ಸ್ವಂತದ ಸಣ್ಣಪುಟ್ಟ ವೆಚ್ಚಗಳನ್ನು. ಆಯೋಗದ ಅಧಿಸೂಚನೆಯ ಪ್ರಕಾರ ಅದು ಸಾಮಾನ್ಯವಾಗಿ ತಿಂಗಳಿಗೆ 3,000 ರೂಪಾಯಿಗಳನ್ನು ಮೀರುವುದಿಲ್ಲ. ಸೇರುವಾಗ ಐದು ತಿಂಗಳ ಕೈಖರ್ಚನ್ನೂ ಬಟ್ಟೆಬರೆ, ವಿಮೆ ಮುಂತಾದವುಗಳ ಬಾಬ್ತನ್ನೂ ಸೇರಿಸಿ ಒಂದು ಮೊತ್ತವನ್ನು ಠೇವಣಿ ಇಡಬೇಕಾಗುತ್ತದೆ. ನಿಮ್ಮ ಅಂಗಡಿಯ ವರಮಾನದಲ್ಲಿ ಅದೂ ಹಗುರವಲ್ಲ ಎಂಬುದನ್ನು ಬಲ್ಲೆ. ಹಾಗಾಗಿ ಪಟ್ಟಿಗೆ ಕಾಯುವ ಈ ವಾರಗಳಲ್ಲೇ ಅದಕ್ಕೆಂದು ಬೇರೆಯಾಗಿ ಒಂದಿಷ್ಟು ತೆಗೆದಿಡಲು ಆರಂಭಿಸಿ. ಕರೆಪತ್ರ ಕೈಗೆ ಬಂದ ಮೇಲೆ ಉಳಿಯುವ ಸಮಯ ಕಡಿಮೆ.

ನೀವು ಕೇಳಿದ ನೆರವು ನಿಜವಾಗಿಯೂ ಇದೆ, ಆದರೆ ಅದು ತಾನಾಗಿ ಬರುವುದಿಲ್ಲ. ತಿಂಗಳ ವರಮಾನ 21,000 ರೂಪಾಯಿಗಳಿಗಿಂತ ಕಡಿಮೆ ಇರುವ ಹೆತ್ತವರಿಗೆ, ಕೈಖರ್ಚಿನ ಭಾರ ಇಳಿಸಲು ತಿಂಗಳಿಗೆ 1,000 ರೂಪಾಯಿಗಳ ಸಹಾಯಧನ ಕೊಡುವ ಅವಕಾಶವನ್ನು ಅಧಿಸೂಚನೆಯಲ್ಲಿಯೇ ಬರೆದಿರುತ್ತಾರೆ. ಬಹಳ ಪುಟಗಳ ಆ ಕಡತದ ಕೊನೆಯ ಅನುಬಂಧಗಳಲ್ಲಿ ಈ ಸಂಗತಿ ಇರುವುದರಿಂದ ಅದು ಬಹುಪಾಲು ಮನೆಗಳ ಕಣ್ಣಿಗೆ ಬೀಳುವುದೇ ಇಲ್ಲ, ಮತ್ತು ಇದು ನನಗೆ ಪ್ರತಿವರ್ಷವೂ ಬೇಸರ ತರುವ ವಿಷಯ. ಮಗ ಅಂತಿಮವಾಗಿ ಆಯ್ಕೆಯಾದ ಕೂಡಲೇ ನೀವು ಜಿಲ್ಲಾಧಿಕಾರಿಗಳ ಮೂಲಕ ಅರ್ಜಿ ಸಲ್ಲಿಸಬೇಕು. ಅವರು ತಮ್ಮ ಶಿಫಾರಸಿನೊಂದಿಗೆ ಅದನ್ನು ಅಕಾಡೆಮಿಯ ಕಮಾಂಡೆಂಟರಿಗೆ ಕಳುಹಿಸುತ್ತಾರೆ. ನಿಮ್ಮ ಮಟ್ಟಿಗೆ ಅದು ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿರುವ ಬೆಂಗಳೂರು ನಗರ ಜಿಲ್ಲಾಧಿಕಾರಿಗಳ ಕಚೇರಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಇಂದೇ ಮಾಡಿಸಿಟ್ಟುಕೊಳ್ಳಿ, ಅದಕ್ಕೆ ಪಟ್ಟಿ ಬರಬೇಕಾಗಿಲ್ಲ. ಇದಲ್ಲದೆ ಕೆಲವು ರಾಜ್ಯ ಸರ್ಕಾರಗಳೂ ದತ್ತಿಗಳೂ ಅಲ್ಲಿನ ಕೆಡೆಟ್‌ಗಳಿಗೆ ವಿದ್ಯಾರ್ಥಿವೇತನ ನೀಡುತ್ತವೆ. ಅವುಗಳ ವಿವರವೂ ಅದೇ ಅಧಿಸೂಚನೆಯಲ್ಲಿರುತ್ತದೆ. ರೆಸಿಡೆನ್ಸಿ ರಸ್ತೆಯೆಂದು ನಾವೆಲ್ಲ ಕರೆಯುವ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಕರ್ನಾಟಕದ ಕೆಡೆಟ್‌ಗಳಿಗೆ ಈ ವರ್ಷ ಯಾವುದು ಅನ್ವಯಿಸುತ್ತದೆ ಎಂಬುದನ್ನು ಒಮ್ಮೆ ಅಲ್ಲಿ ಹೋಗಿ ವಿಚಾರಿಸಿ. ಅಕಾಡೆಮಿಯ ನಂತರದ ತರಬೇತಿಯಲ್ಲಿ, ಉದಾಹರಣೆಗೆ ಭೂಸೇನೆಯವರಿಗೆ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ, ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ದೊರೆಯುತ್ತದೆ. ಅಲ್ಲಿಗೆ ನಿಮ್ಮ ಮೇಲಿನ ಭಾರ ಮುಗಿಯಿತು.

ಒಂದು ಎಚ್ಚರಿಕೆ ಮಾತ್ರ ಉಳಿಯುತ್ತದೆ. ಸೇರುವಾಗ ನೀವು ಸಹಿ ಹಾಕುವ ಬಾಂಡ್ ಪ್ರಕಾರ, ಹುಡುಗ ತನ್ನ ಇಚ್ಛೆಯಿಂದ ನಡುವೆಯೇ ತರಬೇತಿ ಬಿಟ್ಟರೆ ಸರ್ಕಾರ ಮಾಡಿದ ವೆಚ್ಚವನ್ನು ಹಿಂದಿರುಗಿಸಬೇಕಾಗಬಹುದು. ಸಂಬಂಧಿಕರು ಹೇಳಿದ ಲಕ್ಷದ ಮಾತು ಬಹುಶಃ ಇಲ್ಲಿಂದ ಹುಟ್ಟಿದ್ದು.

ಕಾಲೇಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಅವನು ನಾಳೆಯಿಂದಲೇ ತರಗತಿಗೆ ಹೋಗಬೇಕು. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಇದೇ ರೀತಿ ರೆಕಮೆಂಡ್ ಆಗಿದ್ದ ವಿದ್ಯಾರ್ಥಿಯೊಬ್ಬನಿಗೆ ಇದನ್ನು ನಾನು ಗಟ್ಟಿಯಾಗಿ ಹೇಳಲಿಲ್ಲ. ಅವನು ಸಿಕ್ಕಿದ್ದ ಸೀಟನ್ನು ಬಿಟ್ಟ, ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ, ಒಂದು ವರ್ಷ ಮನೆಯಲ್ಲಿ ಕುಳಿತ. ಮುಂದೆ ಪದವಿ ಮುಗಿಸಿ ಸಿಡಿಎಸ್ (ಪದವೀಧರರಿಗಾಗಿ ನಡೆಯುವ ಸಂಯುಕ್ತ ರಕ್ಷಣಾ ಸೇವೆಗಳ) ಪರೀಕ್ಷೆಯ ಮೂಲಕ ಅವನು ಅಧಿಕಾರಿಯಾದದ್ದು ನಿಜ; ಆದರೆ ಆ ಒಂದು ವರ್ಷದಲ್ಲಿ ಅವನ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಲೇಜಿಗೆ ಹೋದರೆ ಅಕಾಡೆಮಿಯ ಮೇಲಿನ ನಂಬಿಕೆ ಕಡಿಮೆಯಾದಂತೆ ಎಂದು ನಿಮ್ಮ ಮಗ ಭಾವಿಸಿರಬಹುದು. ಹಾಗಲ್ಲವೆಂದು ಅವನಿಗೆ ತಿಳಿಸಿ ಹೇಳಿ. ಈಗ ಕಟ್ಟಿರುವ ಶುಲ್ಕ, ಕರೆ ಬಂದಾಗ ಪೂರ್ತಿ ಹಿಂದಿರುಗುವ ಸಂಭವ ಕಡಿಮೆ, ಏಕೆಂದರೆ ಪೂರ್ಣ ಮರುಪಾವತಿಗೆ ನಿಗದಿಯಾದ ದಿನಾಂಕ ಅಷ್ಟರಲ್ಲಿ ಕಳೆದಿರುತ್ತದೆ. ಅದು ಸಾಲದ ಹಣವಾದ್ದರಿಂದ ಈ ಮಾತನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಆದರೂ ಮಗನ ಒಂದು ವರ್ಷಕ್ಕೆ ಅದು ಹೆಚ್ಚಿನ ಬೆಲೆಯಲ್ಲ. ಕಾಲೇಜಿನಲ್ಲಿ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರೆ ಅವನ್ನು ಲಿಖಿತವಾಗಿ ಕೇಳಿ ಹಿಂಪಡೆಯಿರಿ. ಪರಿಶೀಲಿಸಿದ ಮೇಲೆ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇರಿಸಿಕೊಳ್ಳಬಾರದು ಎಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮ. ಪಟ್ಟಿಯಲ್ಲಿ ಹೆಸರು ಬಂದರೂ ಜನ್ಮದಿನಾಂಕ ಮತ್ತು ವಿದ್ಯಾರ್ಹತೆಯ ಪತ್ರಗಳು ಸೇನಾ ಕೇಂದ್ರ ಕಚೇರಿಯ ನೇಮಕಾತಿ ವಿಭಾಗಕ್ಕೆ ತಲುಪುವವರೆಗೆ ಅದು ತಾತ್ಕಾಲಿಕವೇ.

ರಾತ್ರಿಯ ಹುಡುಕಾಟವನ್ನು ಗದರಿಸಿ ನಿಲ್ಲಿಸಲಾಗದು. ಆಯೋಗದ ಜಾಲತಾಣವನ್ನು ದಿನಕ್ಕೆ ಒಮ್ಮೆ, ಸಂಜೆ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ, ತಂದೆ ಮತ್ತು ಮಗ ಜೊತೆಯಾಗಿ ನೋಡುವ ಪದ್ಧತಿ ಮಾಡಿಕೊಳ್ಳಿ. ಒಬ್ಬನೇ ಹೊತ್ತಿರುವ ಕಾತರವನ್ನು ಹಂಚಿಕೊಳ್ಳಲು ಇದಕ್ಕಿಂತ ಸರಳವಾದ ದಾರಿ ನನಗೆ ಹೊಳೆಯುತ್ತಿಲ್ಲ. ಮದುವೆ, ಗೃಹಪ್ರವೇಶಗಳಲ್ಲಿ ಸಿಕ್ಕವರಿಗೆಲ್ಲ ಮಗ ಮಿಲಿಟರಿ ಆಫೀಸರ್ ಆಗುತ್ತಾನೆ ಎಂದು ಈಗಲೇ ಹೇಳಬೇಡಿ. ಹಾಗೆ ಹೇಳಿದ ಪ್ರತಿ ಮನೆಯೂ ಅವನ ಪಾಲಿಗೆ ಉತ್ತರ ಕೊಡಬೇಕಾದ ಇನ್ನೊಂದು ಮನೆಯಾಗುತ್ತದೆ.

ಪ್ರಶ್ನೆ: ನಾನು ಎಸ್‌ಎಸ್‌ಬಿಯಲ್ಲಿ ರೆಕಮೆಂಡ್ ಆಗಿದ್ದೇನೆ. ಆದರೆ ವೈದ್ಯಕೀಯ ಪರೀಕ್ಷೆಯಲ್ಲಿ ತೂಕ ಹೆಚ್ಚಾಗಿದೆಯೆಂದು ತಾತ್ಕಾಲಿಕ ಅನರ್ಹ ಎಂದು ಬರೆದುಕೊಟ್ಟಿದ್ದಾರೆ. ಪಟ್ಟಿಯಲ್ಲಿ ನನ್ನ ಹೆಸರು ಬರುವುದೇ ಇಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಮನೆಯಲ್ಲಿ ಇನ್ನೂ ತಿಳಿಸಿಲ್ಲ. ಊಟ ಬಿಟ್ಟಿದ್ದೇನೆ.
— ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಮೊದಲು ಊಟ ಮಾಡಿ, ಆಮೇಲೆ ಇದನ್ನು ಓದಿ. ಸ್ನೇಹಿತರು ಹೇಳಿದ್ದು ತಪ್ಪು. ಅರ್ಹತಾ ಪಟ್ಟಿಯನ್ನು ತಯಾರಿಸುವಾಗ ವೈದ್ಯಕೀಯ ಪರೀಕ್ಷೆಯ ಫಲಿತಾಂಶವನ್ನು ಪರಿಗಣಿಸಿರುವುದಿಲ್ಲ ಎಂದು ಆಯೋಗವು ಪಟ್ಟಿಯ ಜೊತೆಯಲ್ಲೇ ಪ್ರಕಟಿಸುತ್ತದೆ; ಹೆಸರುಗಳ ಸಂಖ್ಯೆ ಸ್ಥಾನಗಳಿಗಿಂತ ಹೆಚ್ಚಿರಲು ಅದೂ ಒಂದು ಕಾರಣ. ತಾತ್ಕಾಲಿಕ ಅನರ್ಹತೆ ಎಂದರೆ, ಸರಿಪಡಿಸಿಕೊಂಡು ಬಾ ಎಂದು ಕೊಟ್ಟ ಗಡುವು. ನಿಮಗೆ ಕೊಟ್ಟಿರುವ ಪತ್ರದಲ್ಲಿ ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನಗಳೊಳಗೆ ಹಾಜರಾಗಬೇಕೆಂದು ಬರೆದಿರುತ್ತದೆ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಮಾಡಿ, ಏಕೆಂದರೆ ಅದನ್ನು ಮೀರಿದವರಿಗೆ ಕ್ಷಮೆಯಿಲ್ಲ.

ಉಪವಾಸದಿಂದ ತೂಕ ಇಳಿಸುವುದು ನಿಮ್ಮನ್ನು ಇನ್ನೊಂದು ತೊಂದರೆಗೆ ಒಡ್ಡುತ್ತದೆ: ಮಂಡಳಿಯ ವೈದ್ಯರು ನೋಡುವುದು ತೂಕವೊಂದನ್ನೇ ಅಲ್ಲ, ರಕ್ತ, ರಕ್ತದೊತ್ತಡ, ಹೃದಯವನ್ನೂ ಪರೀಕ್ಷಿಸುತ್ತಾರೆ. ಒಬ್ಬ ವೈದ್ಯರ ಸಲಹೆ ಪಡೆದು, ಅನ್ನದ ಪ್ರಮಾಣವನ್ನು ತಗ್ಗಿಸಿ, ಬೇಳೆ, ಕಾಳು, ಸೊಪ್ಪು ತರಕಾರಿಗಳನ್ನು ಹೆಚ್ಚಿಸಿ, ದಿನವೂ ಬೆಳಗ್ಗೆ ಓಡಿ. ಮತ್ತು ಮನೆಯಲ್ಲಿ ತಿಳಿಸಿ. ನಿಮ್ಮ ತಟ್ಟೆಗೆ ಏನು ಬರುತ್ತದೆ ಎಂಬುದು ಅಡುಗೆಮನೆಯಲ್ಲಿ ತೀರ್ಮಾನವಾಗುವಾಗ, ಅಮ್ಮನಿಗೆ ಗೊತ್ತಿಲ್ಲದೆ ಈ ಕೆಲಸ ಆಗುವುದಾದರೂ ಹೇಗೆ? ತಂದೆಯವರು ಕೋಪಿಸಿಕೊಳ್ಳಬಹುದೆಂಬ ಭಯ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಎಸ್‌ಎಸ್‌ಬಿ ಗೆದ್ದದ್ದನ್ನು ಮೊದಲು ಹೇಳಿ, ಆಸ್ಪತ್ರೆಯ ಪತ್ರವನ್ನು ಆಮೇಲೆ ಕೈಗೆ ಕೊಡಿ.

ಪ್ರಶ್ನೆ: ನನ್ನ ತಂಗಿಯ ಮಗಳು ಎನ್‌ಡಿಎ ಫಲಿತಾಂಶಕ್ಕಾಗಿ ಕಾಯುತ್ತಿದ್ದಾಳೆ. ಹೆಣ್ಣುಮಕ್ಕಳಿಗೆ ಸ್ಥಾನಗಳು ಕೆಲವೇ ಎಂದು ಕೇಳಿದ್ದೇನೆ. ಈ ಬಾರಿ ಆಗದಿದ್ದರೆ ಅವಳ ಆಸೆ ಅಲ್ಲಿಗೇ ಮುಗಿಯಿತೇ?
— ದೊಡ್ಡಮ್ಮ, ಮಲ್ಲೇಶ್ವರ

ಉತ್ತರ: ಕೆಲವೇ ಎಂಬುದು ನಿಜ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ನೀಡಿದ ಮೇಲೆಯೇ ಹೆಣ್ಣುಮಕ್ಕಳು ಈ ಪರೀಕ್ಷೆ ಬರೆಯುವಂತಾದದ್ದು. 2022ರಲ್ಲಿ ಅಕಾಡೆಮಿ ಪ್ರವೇಶಿಸಿದ ಮೊದಲ ತಂಡದ 17 ಯುವತಿಯರು 2025ರ ಮೇ 30ರಂದು ತರಬೇತಿ ಮುಗಿಸಿ ಹೊರಬಂದರು. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದ ಮಿತಿಯೊಳಗೆ ಅವಳಿದ್ದರೆ, ವರ್ಷಕ್ಕೆ ಎರಡು ಬಾರಿ ನಡೆಯುವ ಇದೇ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಮುಂದಿನ ಪರೀಕ್ಷೆಯ ಅರ್ಜಿಯನ್ನು ಈ ಫಲಿತಾಂಶಕ್ಕೆ ಕಾಯದೆ ತುಂಬಲಿ. ಅದೂ ಕೈಗೂಡದಿದ್ದರೆ ಪದವಿಯ ನಂತರ ಸಿಡಿಎಸ್ ಮೂಲಕ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ, ವಾಯುಪಡೆಯೇ ನಡೆಸುವ ಎಎಫ್‌ಸಿಎಟಿ ಪರೀಕ್ಷೆಯ ಮೂಲಕ ವಾಯುಪಡೆಗೆ ದಾರಿಯಿದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ 'ಸಿ' ಪ್ರಮಾಣಪತ್ರ ಪಡೆದರೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ವಿಶೇಷ ಪ್ರವೇಶವೂ ಉಂಟು. ಎನ್‌ಸಿಸಿಗೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಪದವಿಯ ಮೊದಲ ವರ್ಷದ ಆರಂಭದಲ್ಲಿ. ಅವಳು ಈಗ ಓದುತ್ತಿರುವ ಕಾಲೇಜಿನಲ್ಲಿ ಆ ಘಟಕವಿದೆಯೇ ಎಂದು ಈ ವಾರವೇ ಕೇಳಿ ತಿಳಿದುಕೊಳ್ಳಲು ಹೇಳಿ.