ಬಕೆಟ್ ಸದ್ದಿಗೆ ಹಾಲು, ಬಾಗಿಲು ಗುದ್ದಿದರೆ ಬೂಸಾ

ಪ್ರಶ್ನೆ: ಬಕೆಟ್ ಸದ್ದು ಕೇಳಿದರೆ ಸಾಕು, ಕೈ ಹಾಕುವ ಮೊದಲೇ ನಮ್ಮ ಹಸುವಿನ ಕೆಚ್ಚಲಿಂದ ಹಾಲು ತೊಟ್ಟಿಕ್ಕುತ್ತದೆ. ಅದೇ ಹಸು ಮಧ್ಯಾಹ್ನವೆಲ್ಲ ಕೊಟ್ಟಿಗೆಯ ತಗಡಿನ ಬಾಗಿಲು ಗುದ್ದುತ್ತದೆ. ನಮ್ಮತ್ತೆ 'ಪಾಪ' ಅಂತ ಆಗಾಗ ಒಂದು ಬೊಗಸೆ ಬೂಸಾ ಹಾಕುತ್ತಾರೆ. ಇವೆರಡೂ ಒಂದೇ ಥರದ ಅಭ್ಯಾಸವೇ? ಗುದ್ದುವುದನ್ನು ಬಿಡಿಸೋದು ಹೇಗೆ?
– ಮದ್ದೂರು ತಾಲ್ಲೂಕಿನ ಓದುಗರು

ಉತ್ತರ: ಎರಡೂ ಬೇರೆ ಬೇರೆ, ತಾಯಿ. ಹಾಲು ಇಳಿಸುವುದು ಹಸುವಿನ ಇಷ್ಟದ ಮಾತಲ್ಲ. ಕರು ಬಾಯಿ ಹಾಕಿದಾಗ ಇಲ್ಲವೇ ಕೆಚ್ಚಲಿಗೆ ಕೈ ತಾಗಿದಾಗ ಮೆದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹಾಲು ಇಳಿಯುತ್ತದೆ. ದಿನಾ ಬಕೆಟ್ ಸದ್ದಿನ ಬೆನ್ನಿಗೇ ಕೆಚ್ಚಲು ತೊಳೆದು ಕರೆಯುತ್ತಾ ಬಂದರೆ, ಆಮೇಲೆ ಸದ್ದೊಂದೇ ಸಾಕು. ಇದು ಕ್ಲಾಸಿಕಲ್ ಕಂಡೀಷನಿಂಗ್. ಜೀರ್ಣಕ್ರಿಯೆಯ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಕಂಡಿದ್ದೂ ಇದನ್ನೇ. ಊಟ ತರುವವನನ್ನು ಕಂಡೇ ಅವು ಜೊಲ್ಲು ಸುರಿಸುತ್ತಿದ್ದವು.

ಭಯವೂ ಹೀಗೇ ಅಂಟಿಕೊಳ್ಳುತ್ತದೆ. ನಾನು ಮಂಡ್ಯ ಜಿಲ್ಲೆಯಲ್ಲಿ ಪಶುವೈದ್ಯನಾಗಿದ್ದಾಗ ನನ್ನ ಬೈಕ್ ಸದ್ದಿಗೇ ಹಸುಗಳು ಹಗ್ಗ ಜಗ್ಗುತ್ತಿದ್ದವು. ಸೂಜಿ ಚುಚ್ಚುವವನು ನಾನೇ ಅಲ್ವಾ! ಹೆದರಿದ ಹಸು ಹಾಲು ಇಳಿಸುವುದಿಲ್ಲ. ಹಾಗಾಗಿ ಕರೆಯುವ ಹೊತ್ತಲ್ಲಿ, ಕರೆಯುವ ಜಾಗದಲ್ಲಿ ಇಂಜೆಕ್ಷನ್ ಬೇಡ.

ಬಾಗಿಲಿನದು ಬೇರೆ ಲೆಕ್ಕ. ಗುದ್ದುವುದು ಹಸುವೇ ಮಾಡುವ ಕೆಲಸ, ಬೂಸಾ ಅದರ ಕೂಲಿ. ಇದಕ್ಕೆ ಆಪರೆಂಟ್ ಕಂಡೀಷನಿಂಗ್ ಅಂತಾರೆ. ನೀವು 'ಆಗಾಗ' ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗದ ಇಲಿಗಳಿಗೆ ಒಂದು ಸಣ್ಣ ಸನ್ನೆಕೋಲು ಒತ್ತಿದರೆ ಆಹಾರದ ಗುಳಿಗೆ ಸಿಗುತ್ತಿತ್ತು. ಆ ಗುಳಿಗೆಗಳನ್ನು ಅವರೇ ಕೂತು ಮಾಡಬೇಕಿತ್ತು. ದಾಸ್ತಾನು ಸಾಲದೆ ಬಂದಾಗ, ಒತ್ತಿದಾಗಲೆಲ್ಲ ಕೊಡುವುದು ಬಿಟ್ಟು ನಿಮಿಷಕ್ಕೊಂದೇ ಕೊಟ್ಟರು. ಇಲಿಗಳು ಒತ್ತುವುದು ನಿಲ್ಲಿಸಲೇ ಇಲ್ಲ. ಯಾವಾಗಲೋ ಒಮ್ಮೆ ಫಲ ಸಿಗುವ ಅಭ್ಯಾಸವೇ ಜಾಸ್ತಿ ಗಟ್ಟಿ. ದುಡ್ಡು ಕಟ್ಟಿ ಇಸ್ಪೀಟು ಆಡುವವರು ಅಷ್ಟು ಸುಲಭಕ್ಕೆ ಏಳುತ್ತಾರಾ?

ಗುದ್ದಿದಾಗ ಬೂಸಾ ಪೂರ್ತಿ ನಿಲ್ಲಿಸಿ. ಮೊದಮೊದಲು ಇನ್ನೂ ಜೋರಾಗಿ ಗುದ್ದಬಹುದು. ಆಗ ಸೋತು ಹಾಕಿದರೆ ಜೋರಾಗಿ ಗುದ್ದೋದನ್ನೇ ಕಲಿಸಿದಂತಾಯಿತು. ಹೊಡೆಯುವುದೂ ಬೇಡ. ಅತ್ತೆಯವರ ಕೈ ತಡೆಯದಿದ್ದರೆ, ಹಸು ಸುಮ್ನೆ ನಿಂತಿರುವಾಗ ಹಾಕಲಿ. ಇದಕ್ಕೆಲ್ಲ ಮುಂಚೆ ಮಧ್ಯಾಹ್ನ ಅದಕ್ಕೆ ನೀರು, ಮೇವು ಸಾಕಾಗುತ್ತಿದೆಯಾ ನೋಡಿ. ನಿಜವಾಗಿ ಬಾಯಾರಿ ಗುದ್ದುತ್ತಿದ್ದರೆ ನಾನು ಹೇಳಿದ್ದೆಲ್ಲ ದಂಡ.