ಕಾರ್ಬ್ಯುರೇಟರ್ ತೊಳೆದ ಮೇಲೆ ಬೈಕ್ ಐಡ್ಲಿಂಗ್ ನಿಲ್ಲುತ್ತಿಲ್ಲ. ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಬೇಕು?

ಸಿಂಗಲ್ ಸಿಲಿಂಡರ್ ಫೋರ್ ಸ್ಟ್ರೋಕ್ ಬೈಕು, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ತೊಳೆದು ಹಾಕಿದ ಮೇಲೆ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟು ಸಿಗ್ನಲ್ಲಿನಲ್ಲಿ ನಿಂತಾಗ, ಆಫ್ ಆಗುತ್ತಿದೆ, ಒಬ್ಬರು ಆ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಒಂದೂವರೆ ಸುತ್ತು ಇಡಿ ಅಂದರು, ಇನ್ನೊಬ್ಬರು ಎರಡೂವರೆ ಅಂದರು, ಯಾವುದು ಸರಿ ಎಂದು ಕೇಳಿದ್ದೀರಿ.

ಎರಡೂ ಸರಿಯಿರಬಹುದು. ಆ ಸಂಖ್ಯೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಮಾತ್ರ ಹೇಳುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಇಂಜಿನ್ನೇ ಹೇಳಬೇಕು. ಅದಕ್ಕಿಂತ ಮುಖ್ಯವಾದದ್ದು ಒಂದಿದೆ: ಕೊನೆಗೆ ಆ ಸ್ಕ್ರೂ ಎಷ್ಟು ಸುತ್ತಿಗೆ ಬಂದು ನಿಂತಿತು ಅನ್ನುವುದನ್ನು ನೋಡಿದರೆ, ಕಾರ್ಬ್ಯುರೇಟರಿನ ಒಳಗೆ ಏನು ತೊಂದರೆ ಇದೆ ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ಮೊದಲು ಸ್ಕ್ರೂ ಯಾವುದು ಅಂತ ಗುರುತು ಹಿಡಿಯಿರಿ. ಎರಡು ಇರುತ್ತವೆ. ದೊಡ್ಡದು, ಸ್ಪ್ರಿಂಗ್ ಕಾಣುವಂಥದ್ದು, ಕೆಲವು ಗಾಡಿಗಳಲ್ಲಿ ಕೈಯಲ್ಲೇ ತಿರುಗಿಸಬಹುದಾದದ್ದು ಐಡ್ಲಿಂಗ್ ಸ್ಪೀಡ್ ಸ್ಕ್ರೂ. ಅದು ಥ್ರಾಟಲ್ಲನ್ನು (ಆಕ್ಸಿಲರೇಟರ್ ತಿರುಗಿಸಿದಾಗ ತೆರೆದು ಗಾಳಿ ಬಿಡುವ ಬಾಗಿಲು) ಸ್ವಲ್ಪ ಎತ್ತಿ ಹಿಡಿಯುತ್ತದೆ, ಅಷ್ಟೇ. ಚಿಕ್ಕದು, ಹಿತ್ತಾಳೆಯದು, ತೂತಿನೊಳಗೆ ಹುದುಗಿರುವುದು ಮಿಕ್ಸ್ಚರ್ ಸ್ಕ್ರೂ. ಈ ಚಿಕ್ಕದು ಯಾವ ಕಡೆ ಇದೆ ಅಂತ ಸರಿಯಾಗಿ ನೋಡಿ. ಥ್ರಾಟಲ್ಲಿನಿಂದ ಏರ್ ಫಿಲ್ಟರ್ ಕಡೆಗೆ ಇದ್ದರೆ ಅದು ಏರ್ ಸ್ಕ್ರೂ, ಬಿಚ್ಚಿದಷ್ಟೂ ಗಾಳಿ ಜಾಸ್ತಿಯಾಗಿ ಮಿಶ್ರಣ ಲೀನ್ ಆಗುತ್ತದೆ. ಇಂಜಿನ್ ಕಡೆಗೆ ಇದ್ದರೆ ಅದು ಫ್ಯುಯಲ್ ಸ್ಕ್ರೂ, ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿಯಾಗಿ ರಿಚ್ ಆಗುತ್ತದೆ. ಎರಡೂ ಒಂದಕ್ಕೊಂದು ಪೂರ್ತಿ ಉಲ್ಟಾ. ಇದನ್ನು ನೋಡದೆ ತಿರುಗಿಸುತ್ತಾ ಹೋದರೆ ಇಡೀ ದಿನ ಕೂತರೂ ಟ್ಯೂನಿಂಗ್ ಆಗುವುದಿಲ್ಲ. ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಹೆಚ್ಚಾಗಿ ಫ್ಯುಯಲ್ ಸ್ಕ್ರೂ ಇರುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ. ಕಣ್ಣಾರೆ ನೋಡಿಯೇ ತೀರ್ಮಾನಿಸಿ. ಮುಂದೆ ಹೇಳುವುದೆಲ್ಲ ಫ್ಯುಯಲ್ ಸ್ಕ್ರೂ ಲೆಕ್ಕದಲ್ಲಿ. ಏರ್ ಸ್ಕ್ರೂ ಆದರೆ ದಿಕ್ಕು ಉಲ್ಟಾ ಮಾಡಿಕೊಳ್ಳಿ.

ಕೆಲವು ಹೊಸ ಕಾರ್ಬ್ಯುರೇಟರ್‌ಗಳಲ್ಲಿ ಈ ಸ್ಕ್ರೂ ಮೇಲೆ ಮುಚ್ಚಳ ಇರುತ್ತದೆ, ಇಲ್ಲವೇ ತಲೆ ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿರುತ್ತದೆ. ಹೊಗೆ ನಿಯಮಕ್ಕೆ ಹೊಂದುವಂತೆ ಫ್ಯಾಕ್ಟರಿಯಲ್ಲೇ ಸೆಟ್ ಮಾಡಿ ಬಂದ್ ಮಾಡಿರುತ್ತಾರೆ. ಅಂಥದ್ದಾದರೆ ಹೊಗೆ ಪರೀಕ್ಷೆಯ ಯಂತ್ರ ಇರುವ ಕಡೆ ಮಾಡಿಸುವುದೇ ಒಳ್ಳೆಯದು.

ಈಗ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಐಡ್ಲಿಂಗಿನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಮೇನ್ ಜೆಟ್ಟಿನಿಂದ (ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ತೂತಿರುವ ಬಿಡಿಭಾಗ) ಪೆಟ್ರೋಲ್ ಎಳೆಯುವಷ್ಟು ಗಾಳಿಯ ಓಟ ಅಲ್ಲಿರುವುದಿಲ್ಲ. ಆಗ ಪೆಟ್ರೋಲ್ ಬರುವುದು ಪೈಲಟ್ ಜೆಟ್ ಅನ್ನುವ ಪುಟ್ಟ ಜೆಟ್ಟಿನಿಂದ. ಅದು ದಾರಿಯಲ್ಲಿ ಸ್ವಲ್ಪ ಗಾಳಿ ಸೇರಿಸಿಕೊಂಡು, ಥ್ರಾಟಲ್ ದಾಟಿದ ಮೇಲಿರುವ ಒಂದು ಸಣ್ಣ ತೂತಿನಿಂದ ಹೊರಬರುತ್ತದೆ. ಆ ತೂತಿಗೆ ಅಡ್ಡ ಕೂತಿರುವ ಸೂಜಿ ಮೊನೆಯೇ ನಿಮ್ಮ ಫ್ಯುಯಲ್ ಸ್ಕ್ರೂ. ಅದರ ಪಕ್ಕದಲ್ಲೇ, ಥ್ರಾಟಲ್ ಅಂಚಿನ ಬಳಿ, ಇನ್ನೂ ಒಂದೆರಡು ತೂತುಗಳಿರುತ್ತವೆ. ಆಕ್ಸಿಲರೇಟರ್ ಒಂಚೂರು ತಿರುಗಿಸಿದಾಗ ಅವು ಕೆಲಸ ಶುರು ಮಾಡುತ್ತವೆ. ಈ ಪಕ್ಕದ ತೂತುಗಳಿಗೆ ಸ್ಕ್ರೂ ಹಿಡಿತ ಇಲ್ಲ. ಇದನ್ನು ನೆನಪಿಡಿ.

ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ. ಗಾಡಿ ಆಫ್ ಆಗುತ್ತಿದೆ ಅಂತ ಸ್ಪೀಡ್ ಸ್ಕ್ರೂ ಒಂದೇ ಸಮನೆ ಟೈಟ್ ಮಾಡುತ್ತಾರೆ. ಥ್ರಾಟಲ್ ಮೇಲೆದ್ದು ಪಕ್ಕದ ತೂತುಗಳಿಂದಲೂ ಪೆಟ್ರೋಲ್ ಬರಲು ಶುರುವಾಗುತ್ತದೆ. ಈಗ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್ ಸದ್ದು ಬದಲಾಗುವುದೇ ಇಲ್ಲ. ಸ್ಕ್ರೂ ಹಾಳಾಗಿದೆ, ಕಾರ್ಬ್ಯುರೇಟರ್ ಹೋಗಿದೆ ಅಂತ ಹೊಸದು ತರಿಸುವವರೂ ಇದ್ದಾರೆ. ಸ್ಪೀಡ್ ಸ್ಕ್ರೂ ಇಳಿಸಿದರೆ ಅದೇ ಮಿಕ್ಸ್ಚರ್ ಸ್ಕ್ರೂ ಮತ್ತೆ ಮಾತು ಕೇಳುತ್ತದೆ.

ಸ್ಕ್ರೂ ಮುಟ್ಟುವ ಮೊದಲು ಉಳಿದದ್ದು ಸರಿಯಿದೆಯಾ ನೋಡಿಕೊಳ್ಳಿ: ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಬಳಿ ಬಿಡುವ ಸಣ್ಣ ಸಂದಿ), ಪ್ಲಗ್, ಏರ್ ಫಿಲ್ಟರ್, ಆಕ್ಸಿಲರೇಟರ್ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲ. ಕಾರ್ಬ್ಯುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಜೋಡಣೆ ಸರಿಯಾಗಿ ಕೂತಿದೆಯಾ ಅಂತಲೂ ನೋಡಿ. ಅಲ್ಲಿ ಗಾಳಿ ಲೀಕ್ ಇದ್ದರೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ. ಇಂಜಿನ್ ಓಡುತ್ತಿರುವಾಗ ಜೋಡಣೆಯ ಸುತ್ತ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಬದಲಾದರೆ ಲೀಕ್ ಇದೆ ಅಂತ ಅರ್ಥ. ಇದಕ್ಕೆ ಕಾರ್ಬ್ ಕ್ಲೀನರ್ ಬಳಸುವವರಿದ್ದಾರೆ. ಬಿಸಿ ಇಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ದಯವಿಟ್ಟು ಬೇಡ.

ಇನ್ನು ಕೆಲಸ. ಇಂಜಿನ್ ಆಫ್ ಇರುವಾಗ ಮಿಕ್ಸ್ಚರ್ ಸ್ಕ್ರೂ ಬಲಕ್ಕೆ ತಿರುಗಿಸುತ್ತಾ ಹೋಗಿ, ತಳ ತಾಗಿದ ತಕ್ಷಣ ನಿಲ್ಲಿಸಿ. ಎರಡು ಬೆರಳಿನ ಬಲ ಸಾಕು. ಜಾಸ್ತಿ ಒತ್ತಿದರೆ ಸೂಜಿ ಮೊನೆ ಗೀರಾಗುತ್ತದೆ, ಕೆಲವೊಮ್ಮೆ ಮುರಿದು ತೂತಿನಲ್ಲೇ ಉಳಿದುಬಿಡುತ್ತದೆ. ಅಲ್ಲಿಂದ ಮ್ಯಾನುಯಲ್ ಹೇಳಿದಷ್ಟು ಬಿಚ್ಚಿ. ಮ್ಯಾನುಯಲ್ ಇಲ್ಲದಿದ್ದರೆ ಎರಡು ಸುತ್ತು. ಆಮೇಲೆ ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿಕೊಂಡು ಬನ್ನಿ. ಸುಮ್ನೆ ನಿಲ್ಲಿಸಿ ರೇಸ್ ಕೊಟ್ಟರೆ ಸಾಲದು, ಇಂಜಿನ್ ಪೂರ್ತಿ ಬಿಸಿಯಾಗಬೇಕು. ಚೋಕ್ ಪೂರ್ತಿ ಆಫ್ ಇರಲಿ. ಬಯಲಿನಲ್ಲೇ ಮಾಡಿ. ಮುಚ್ಚಿದ ಜಾಗದಲ್ಲಿ ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ, ಅದಕ್ಕೆ ವಾಸನೆಯೂ ಇಲ್ಲ.

ಗಾಡಿಯನ್ನು ನೇರವಾಗಿ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಆಗದಷ್ಟು ಮಾತ್ರ ಸ್ಪೀಡ್ ಇಡಿ. ಈಗ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಒಳಕ್ಕೆ. ಕೈ ತೆಗೆದು ಹತ್ತು ಸೆಕೆಂಡ್ ಕಾಯಿರಿ. ಈ ಕಾಯುವುದನ್ನು ಬಿಡಬೇಡಿ, ಇಂಜಿನ್ ಹೊಸ ಮಿಶ್ರಣಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಮತ್ತೆ ಕಾಲು ಸುತ್ತು. ಒಂದು ಹಂತದಲ್ಲಿ ಸ್ಪೀಡ್ ಕುಸಿದು ಇಂಜಿನ್ ನಡುಗಲು ಶುರುವಾಗುತ್ತದೆ. ಅದು ಲೀನ್ ತುದಿ. ಈಗ ಅದೇ ರೀತಿ ಹೊರಕ್ಕೆ ಬನ್ನಿ. ಸ್ಪೀಡ್ ಏರುತ್ತದೆ, ಏರಿ ನಿಲ್ಲುತ್ತದೆ, ಇನ್ನೂ ಬಿಚ್ಚಿದರೆ ಮತ್ತೆ ಇಳಿಯುತ್ತದೆ. ಈ ಸಲ ಇಳಿಯುವಾಗ ಸದ್ದು ಬೇರೆ, ಭಾರವಾಗಿ, ಕುಂಟುತ್ತಾ ಇಳಿಯುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ. ಅದು ರಿಚ್ ತುದಿ. ಎರಡರ ನಡುವೆ ಸ್ಪೀಡ್ ಅತಿ ಹೆಚ್ಚಿದ್ದು, ಬಡಿತ ಒಂದೇ ಸಮ ಇರುವ ಜಾಗ ನಿಮ್ಮದು. ಕಿವಿಗೆ ಗೊತ್ತಾಗದಿದ್ದರೆ ಸೈಲೆನ್ಸರ್ ಬಾಯಿಂದ ಸ್ವಲ್ಪ ದೂರ ಅಂಗೈ ಹಿಡಿಯಿರಿ. ಮಿಶ್ರಣ ತಪ್ಪಿದಾಗ ಒಂದು ಹೊಡೆತ ಜೋರು, ಮುಂದಿನದು ಮಂಕು, ನಡುವೆ ಒಂದು ಕಾಣೆ. ಸರಿಯಾದ ಜಾಗಕ್ಕೆ ಬಂದಾಗ ಪ್ರತಿ ಹೊಡೆತವೂ ಒಂದೇ ಬಲದಲ್ಲಿ ಅಂಗೈಗೆ ತಾಗುತ್ತದೆ. ಒಮ್ಮೆ ಆ ವ್ಯತ್ಯಾಸ ಸಿಕ್ಕಿತು ಅಂದರೆ ಮೀಟರೇ ಬೇಡ.

ಸ್ಪೀಡ್ ಏರಿದೆಯಲ್ವಾ, ಈಗ ಸ್ಪೀಡ್ ಸ್ಕ್ರೂ ಇಳಿಸಿ. ಇಳಿಸಿದ ಮೇಲೆ ಮಿಕ್ಸ್ಚರ್ ಇನ್ನೊಮ್ಮೆ ನೋಡಿ, ಸ್ವಲ್ಪ ಜಾಗ ಬದಲಾಗಿರುತ್ತದೆ. ಬಹಳಷ್ಟು 100-150 ಸಿಸಿ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಐಡ್ಲಿಂಗ್ 1400 ಆರ್‌ಪಿಎಂ ಆಸುಪಾಸು ಇರುತ್ತದೆ. ದೊಡ್ಡ ಇಂಜಿನ್‌ಗಳಲ್ಲಿ ಇನ್ನೂ ಕಡಿಮೆ ಇರಬಹುದು, ಮ್ಯಾನುಯಲ್ ನೋಡಿ. ಡಗ್ ಡಗ್ ಸದ್ದು ಚೆನ್ನಾಗಿರುತ್ತದೆ ಅಂತ ತೀರಾ ಕೆಳಗಿಳಿಸಬೇಡಿ, ಆಯಿಲ್ ಒತ್ತಡ ಕಡಿಮೆಯಾಗಿ ಮೇಲಿನ ಭಾಗಗಳು ಸವೆಯುತ್ತವೆ.

ಆಮೇಲೆ ಪರೀಕ್ಷೆ. ಒಮ್ಮೆ ಜೋರಾಗಿ ರೇಸ್ ಕೊಟ್ಟು ತಟ್ಟನೆ ಬಿಡಿ. ಸ್ಪೀಡ್ ನೇರವಾಗಿ ಐಡ್ಲಿಂಗಿಗೆ ಇಳಿದು ನಿಂತರೆ ಸರಿ. ಮೇಲೆಯೇ ನೇತಾಡಿ ನಿಧಾನಕ್ಕೆ ಇಳಿದರೆ ಲೀನ್. ಐಡ್ಲಿಂಗಿಗಿಂತ ಕೆಳಗೆ ಮುಳುಗಿ ಆಮೇಲೆ ಎದ್ದರೆ ರಿಚ್. ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಸೈಲೆನ್ಸರಿನಲ್ಲಿ ಪಟಪಟ ಅಂದರೆ ಅದೂ ಹೆಚ್ಚಾಗಿ ಲೀನ್ ಗುರುತೇ, ಆದರೆ ಸೈಲೆನ್ಸರ್ ಜೋಡಣೆ ಲೀಕ್ ಇದ್ದರೂ ಹಾಗೆ ಆಗುತ್ತದೆ. ರೇಸ್ ಕೊಟ್ಟ ಕೂಡಲೇ ಒಂದು ಕ್ಷಣ ತಡವರಿಸಿದರೆ ಎಂಟನೇ ಒಂದು ಸುತ್ತು ಹೊರಕ್ಕೆ ಬಿಚ್ಚಿ ನೋಡಿ.

ಈಗ ನಿಮ್ಮ ಪ್ರಶ್ನೆಯ ಸಂಖ್ಯೆಗೆ ಬರುತ್ತೇನೆ. ಫ್ಯುಯಲ್ ಸ್ಕ್ರೂ ಒಂದರಿಂದ ಎರಡೂವರೆ ಸುತ್ತಿನೊಳಗೆ ಎಲ್ಲಿ ನಿಂತರೂ ತಲೆ ಕೆಡಿಸಿಕೊಳ್ಳಬೇಡಿ. ಮೂರು ಸುತ್ತು ದಾಟಿದರೂ ಇನ್ನೂ ಪೆಟ್ರೋಲ್ ಬೇಕು ಅನ್ನುತ್ತಿದ್ದರೆ ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಥವಾ ಎಲ್ಲೋ ಗಾಳಿ ಲೀಕ್ ಇದೆ. ಅರ್ಧ ಸುತ್ತಿಗೂ ಕಡಿಮೆಯಲ್ಲಿ ನಿಂತರೆ ಬೇರೆ ಎಲ್ಲಿಂದಲೋ ಪೆಟ್ರೋಲ್ ಜಾಸ್ತಿ ಬರುತ್ತಿದೆ: ಪೈಲಟ್ ಜೆಟ್ ಸರಿಯಾಗಿ ಟೈಟ್ ಆಗಿಲ್ಲ, ಚೋಕ್ ಪೂರ್ತಿ ಆಫ್ ಆಗುತ್ತಿಲ್ಲ, ಇಲ್ಲವೇ ಫ್ಲೋಟ್ ಮಟ್ಟ (ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟ) ಮೇಲಿದೆ.

ನಿಮ್ಮ ಗಾಡಿಗೆ ತೊಂದರೆ ಶುರುವಾದದ್ದೇ ತೊಳೆದ ಮೇಲೆ, ಹಾಗಾಗಿ ನನಗೆ ಮೊದಲ ಅನುಮಾನ ಮಿಕ್ಸ್ಚರ್ ಸ್ಕ್ರೂವಿನ ಓ ರಿಂಗ್ ಮೇಲೆ. ಸ್ಕ್ರೂ ತಲೆ ಕಡೆಯಿಂದ ಸ್ಪ್ರಿಂಗ್, ವಾಷರ್, ಕೊನೆಗೆ ಮೊನೆ ಕಡೆಗೆ ಓ ರಿಂಗ್, ಈ ಕ್ರಮದಲ್ಲಿ ಇರಬೇಕು. ಅದು ಸಾಸಿವೆಗಿಂತ ಸ್ವಲ್ಪ ದೊಡ್ಡದಿರುವ ರಬ್ಬರ್ ಬಳೆ. ಸ್ಕ್ರೂ ಬಿಚ್ಚಿದಾಗ ತೂತಿನೊಳಗೇ ಅಂಟಿಕೊಂಡು ಉಳಿಯುತ್ತದೆ, ಕ್ಲೀನರ್ ಹೊಡೆದಾಗ ಹಾರಿಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಅದಿಲ್ಲದಿದ್ದರೆ ಸ್ಕ್ರೂ ಸಂದಿಯಿಂದಲೇ ಗಾಳಿ ಒಳಗೆ ಹೋಗುತ್ತದೆ. ಎರಡನೇ ಅನುಮಾನ ಪೈಲಟ್ ಜೆಟ್. ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ದುಂಡಗೆ, ಸ್ಪಷ್ಟವಾಗಿ ಕಾಣಬೇಕು. ಆ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಒಣಗಿದ ಪೆಟ್ರೋಲಿನ ಅಂಟು ಸ್ವಲ್ಪ ಉಳಿದರೂ ಸಾಕು, ಐಡ್ಲಿಂಗ್ ಹೋಗುತ್ತದೆ. ಉಕ್ಕಿನ ತಂತಿ ಮಾತ್ರ ಹಾಕಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ಕ್ಲೀನರಿನಲ್ಲಿ ನೆನೆಸಿ, ನೈಲಾನ್ ಬ್ರಷ್ಷಿನ ಒಂದು ಎಳೆ ಆಡಿಸಿ, ಗಾಳಿ ಊದಿ.

ಇಷ್ಟು ಮಾಡಿದ ಮೇಲೂ ನಿಲ್ಲದಿದ್ದರೆ ಸ್ಕ್ರೂ ಯಾವ ಕಡೆಗಿದೆ, ಎಷ್ಟು ಸುತ್ತಿಗೆ ನಿಂತಿತು, ರೇಸ್ ಬಿಟ್ಟಾಗ ಸ್ಪೀಡ್ ಹೇಗೆ ಇಳಿಯುತ್ತದೆ, ಈ ಮೂರನ್ನು ಬರೆಯಿರಿ. ಮುಂದೆ ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ.